ಪಿಳ್ಳಣ್ಣ ಏರ್‌ಪೋರ್ಟಿಗೆ ಧೈರ್ಯ ಹೇಳಿದ್ದು

ವಿಮಾನ ತೀರಾ ತಗ್ಗಿನಲ್ಲಿ ಹಾರುವ ಊರುಗಳಲ್ಲಿ ಜನ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ವಿಮಾನ ದಾಟಿ ಹೋದ ಮೇಲೆ ಮತ್ತೆ ಅಲ್ಲಿಂದಲೇ ಮುಂದುವರಿಸುತ್ತಾರೆ. ಅಂಥ ಊರೊಂದರಲ್ಲಿ ಅಕ್ಕಯ್ಯಮ್ಮ ಎಂಬವಳಿದ್ದಳು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಉಳಿದವನು ಒಬ್ಬನೇ ಮಗ, ಪಿಳ್ಳಣ್ಣ. ಆಳೆತ್ತರದ ಗಂಡಸು, ಎತ್ತಿನಂತೆ ದುಡಿಯುವವನು, ಸುಳ್ಳು ಹೇಳಲು ಬಾರದವನು. ಕೊರತೆ ಒಂದೇ. ಹೇಳಿದ್ದನ್ನೆಲ್ಲ ಮಾಡುತ್ತಿದ್ದ, ಹೇಳಿದ್ದನ್ನು ಮಾತ್ರ ಮಾಡುತ್ತಿದ್ದ.

"ರಾಗಿ ಒಣಗಾಕಿದ್ದೀನಿ, ಕೋಳಿ ಬರದಂಗೆ ನೋಡ್ಕೊಳ್ಲಾ" ಎಂದರೆ ಕೋಲು ಹಿಡಿದು ನಿಂತ. ಕೋಳಿ ಬರಲಿಲ್ಲ. ಹಸು ಬಂತು. ಹೊಟ್ಟೆ ತುಂಬ ರಾಗಿ ತಿಂದು, ನಿಧಾನವಾಗಿ ಬಾಲ ಬೀಸಿಕೊಂಡು ಹೋಯಿತು.

"ಅಯ್ಯೋ ನನ್ನ ಹಣೆಬರವೇ! ಹಸು ಓಡಿಸೋಕೆ ಏನ್ಲಾ ಆಗಿತ್ತು ನಿಂಗೆ?"

"ನೀನು ಕೋಳಿ ಅಂದೆಯಲ್ಲಮ್ಮೋ!"

ಮಗನ ಪೆದ್ದುತನವನ್ನು ನುಂಗಿಕೊಳ್ಳುವುದು ಅಕ್ಕಯ್ಯಮ್ಮನಿಗೆ ಅಭ್ಯಾಸವಾಗಿತ್ತು. ನುಂಗಲಾಗದೆ ಇದ್ದದ್ದು ಓರಗಿತ್ತಿಯ ಮಗನ ಜಾಣತನ. ಓರಗಿತ್ತಿ ಮುನಿರತ್ನಮ್ಮ, ಗಂಡನ ತಮ್ಮನ ಹೆಂಡತಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವಳ ಮಗ ನಂಜೇಶನಿಗೆ ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳುವ ಕೆಲಸ ಸಿಕ್ಕಿತ್ತು. ಬರೀ ಕೆಲಸವೇ? ಯೂನಿಫಾರ್ಮು! ನೀಲಿ ಪ್ಯಾಂಟು, ಹಳದಿ ಜಾಕೀಟು, ಜಾಕೀಟಿನ ಮೇಲೆ ಮಿರಮಿರ ಮಿಂಚುವ ಪಟ್ಟಿ. ಮುನಿರತ್ನಮ್ಮ ಅದನ್ನು ಒಗೆದು ತನ್ನ ಹಿತ್ತಲಲ್ಲಿ ಒಣಗಿಸುತ್ತಿರಲಿಲ್ಲ. ಅಕ್ಕಯ್ಯಮ್ಮನ ಅಡುಗೆಮನೆ ಕಿಟಕಿಗೆ ಎದುರಾಗಿ, ಗೋಡೆಯ ಮೇಲೆ ಹರವುತ್ತಿದ್ದಳು. ಬಿಸಿಲೇರಿದರೆ ಆ ಪಟ್ಟಿಯ ಹೊಳಪು ನೇರವಾಗಿ ಅಕ್ಕಯ್ಯಮ್ಮನ ಒಲೆಯ ಮೇಲೆ ಕುಣಿಯುತ್ತಿತ್ತು.

"ಅಕ್ಕಾ, ಕಣ್ಣಿಗೆ ಹೊಡೀತೈತಾ?" ಎಂದು ಮುನಿರತ್ನಮ್ಮ ಆಚೆಯಿಂದ ಕೇಳುವಳು.

"ಏನು ಹೊಡೆಯೋದು ಬಿಡೇ ರತ್ನಿ, ಬಟ್ಟೆ ತಾನೆ" ಎಂದು ಅಕ್ಕಯ್ಯಮ್ಮ ಈಚೆಯಿಂದ ಅನ್ನುವಳು. ಆದರೆ ಆ ಹೊಳಪಿಗೆ ಬೆನ್ನು ತಿರುಗಿಸಿ ಕೂರುವಳು. ತನ್ನ ಮಗ ಇವನಿಗಿಂತ ಎತ್ತರ. ತನ್ನ ಮಗನಿಗೆ ಆ ಜಾಕೀಟು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಈ ಗೋಡೆಯ ಮೇಲೆ ತನ್ನ ಕಡೆಯಿಂದಲೂ ಒಂದು ಯೂನಿಫಾರ್ಮು ಒಣಗಬೇಕು, ಅದರ ಹೊಳಪು ಆ ರತ್ನಿಯ ಕಣ್ಣಿಗೆ ಹೊಡೆಯಬೇಕು. ಆಮೇಲೆ ತಾನು ಸತ್ತರೂ ಸರಿಯೇ!

ಟ್ರಾಲಿ ಕೆಲಸಕ್ಕೆ ಇನ್ನೊಬ್ಬ ಬೇಕಂತೆ ಎಂದು ನಂಜೇಶನೇ ಸುದ್ದಿ ತಂದ. ಅಕ್ಕಯ್ಯಮ್ಮ ಮಗನಿಗೆ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಡಿಸಿ ಹೇಳಿದಳು:

"ನೋಡ್ಲಾ, ನಂಜೇಶ ಏನ್ ಮಾಡ್ತಾನೋ ಅದನ್ನೇ ಮಾಡು. ಅವನು ಎಡಕ್ಕೆ ಹೋದ್ರೆ ಎಡಕ್ಕೆ, ಬಲಕ್ಕೆ ಹೋದ್ರೆ ಬಲಕ್ಕೆ. ಅವನು ಟ್ರಾಲಿ ತಳ್ಳಿದ್ರೆ ನೀನೂ ಟ್ರಾಲಿ ತಳ್ಳು!"

"ಆಗ್ಲಮ್ಮೋ, ಹಂಗೇ ಮಾಡ್ತೀನಿ" ಎಂದ ಪಿಳ್ಳಣ್ಣ.

ಹೋದ. ನಂಜೇಶ ಕಾರು ನಿಲ್ಲುವ ಕಡೆ ಬಿದ್ದಿದ್ದ ಟ್ರಾಲಿಗಳನ್ನು ಒಂದಕ್ಕೊಂದು ಸೇರಿಸಿ ಉದ್ದಕ್ಕೆ ತಳ್ಳಿಕೊಂಡು ಹೋದ. ಪಿಳ್ಳಣ್ಣನೂ ಒಂದು ಟ್ರಾಲಿ ಹಿಡಿದ. ಅದರ ಮೇಲೆ ಯಾರೋ ಮುದುಕರ ಪೆಟ್ಟಿಗೆ ಇತ್ತು, ಪೆಟ್ಟಿಗೆಯ ಮೇಲೆ ಉಪ್ಪಿನಕಾಯಿ ಜಾಡಿ ಇತ್ತು. ಮುದುಕರು ಒಂದೇ ಗಳಿಗೆ ಕೈ ಬಿಟ್ಟು ಮೊಮ್ಮಗಳ ತಲೆ ಸವರುತ್ತಿದ್ದರು. ತಿರುಗಿ ನೋಡುತ್ತಾರೆ, ಟ್ರಾಲಿ ಇಲ್ಲ! ಪೆಟ್ಟಿಗೆ ಇಲ್ಲ! ದೂರದಲ್ಲಿ ಟ್ರಾಲಿಗಳ ಸಾಲಿನ ಕೊನೆಯಲ್ಲಿ ಉಪ್ಪಿನಕಾಯಿ ಜಾಡಿ ಕುಲುಕಾಡುತ್ತ ಹೋಗುತ್ತಿದೆ.

"ಕಳ್ಳ! ಕಳ್ಳ! ಹಿಡೀರ್ರೀ!"

ಸೂಪರ್‌ವೈಸರ್ ಓಡಿಬಂದು ಕೈಮುಗಿದು ಮುದುಕರನ್ನು ಸಮಾಧಾನ ಮಾಡಿದರು. ಪಿಳ್ಳಣ್ಣನಿಗೆ ಹೇಳಿದರು: "ಹೋಗಪ್ಪ, ಇನ್ನೊಂದಿಷ್ಟು ಬುದ್ಧಿ ಕಲ್ತು ಬಾ. ಜಾಗ ಖಾಲಿ ಇರ್ತದೆ. ಆದರೆ ಒಂದು ಮಾತು. ಪೊಲೀಸರು ನಿನ್ನನ್ನ ಒಳ್ಳೆಯವನು ಅನ್ನಬೇಕು, ಆಗಲೇ ಒಳಗೆ ಬಿಡೋ ಪಾಸು. ಈಗ ಕಾನೂನು ಬಿಗಿಯಾಗಿದೆ. ಏರ್‌ಪೋರ್ಟ್ ವಿಷಯದಲ್ಲಿ ಒಂದು ಮಾತು ಎಡವಟ್ಟಾದರೂ ಪಾಸೂ ಇಲ್ಲ, ನೀನೂ ಇಲ್ಲ."

ಅಕ್ಕಯ್ಯಮ್ಮ ಎದೆ ಬಡಿದುಕೊಂಡಳು. "ಅಯ್ಯೋ ಮಂಕೇ! ಯಾರದೋ ಸಾಮಾನು ಮುಟ್ತಾರೇನ್ಲಾ? ಅಲ್ಲಿ ಮೈಕಿನಲ್ಲಿ ದಿನಾ ಬಡ್ಕೊಳ್ತಾರಂತೆ, ನಿಂಗೆ ಕೇಳಿಸ್ಲಿಲ್ವಾ? ಪಕ್ಕದಲ್ಲಿ ಯಾರೂ ಇಲ್ಲದ ಚೀಲ ಕಂಡ್ರೆ ಮುಟ್ಬಾರ್ದು! ದೂರ ನಿಂತ್ಕೊಂಡು ಪೊಲೀಸ್ರಿಗೆ ಹೇಳ್ಬೇಕು!"

"ಆಗ್ಲಮ್ಮೋ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೆಯ ದಿನ ಅವನನ್ನು ರೇಷನ್ ಅಂಗಡಿಗೆ ಅಟ್ಟಿದಳು. ಆ ಊರಿನ ರೇಷನ್ ಅಂಗಡಿಯ ಕ್ಯೂನಲ್ಲಿ ಜನ ನಿಲ್ಲುವುದಿಲ್ಲ, ಚೀಲಗಳು ನಿಲ್ಲುತ್ತವೆ. ಅಂಗಡಿ ತೆರೆಯುವ ಮುಂಚೆಯೇ ಬಂದು, ಚೀಲ ಇಟ್ಟು, ಗಾಳಿಗೆ ಹಾರದಿರಲೆಂದು ಅದರ ಮೇಲೆ ಒಂದು ಕಲ್ಲಿಟ್ಟು, ಜನ ಮನೆಗೆ ಹೋಗಿ ತಿಂಡಿ ತಿನ್ನುತ್ತಾರೆ. ಎಲ್ಲರಿಗಿಂತ ಮುಂದೆ ಯಾರ ಚೀಲ? ಮುನಿರತ್ನಮ್ಮನ ಚೀಲ. ಅಲ್ಲೂ ಅವಳೇ ಮೊದಲು!

ಪಿಳ್ಳಣ್ಣ ನೋಡಿದ. ಬೀದಿಯುದ್ದಕ್ಕೂ ಚೀಲಗಳು. ಪಕ್ಕದಲ್ಲಿ ಯಾರೂ ಇಲ್ಲ! ಮುಟ್ಟಲಿಲ್ಲ. ದೂರ ನಿಂತ. ಆಮೇಲೆ ಒಂದೇ ಓಟ ಸ್ಟೇಷನ್ನಿಗೆ.

"ಸಾರ್! ಚೀಲ! ಯಾರೂ ಇಲ್ಲದ ಚೀಲ! ಸಾಲಾಗಿ ಮಡಗವ್ರೆ, ಮೇಲೆ ಭಾರ ಬೇರೆ ಇಟ್ಟವ್ರೆ!"

ಇನ್ಸ್‌ಪೆಕ್ಟರ್ ವೀರಭದ್ರಯ್ಯ ಆ ಊರಿಗೆ ಹೊಸಬರು. ಏರ್‌ಪೋರ್ಟಿನ ಮಗ್ಗುಲ ಊರು, ಕಾನೂನು ಬಿಗಿಯಾದ ಕಾಲ. ಅಸಡ್ಡೆ ಮಾಡಿ ಆಮೇಲೆ ಯಾರು ಉತ್ತರ ಕೊಡುವುದು? ಜೀಪು ಬಂತು, ಹಗ್ಗ ಕಟ್ಟಿದರು, ನಾಯಿ ಬಂತು. ನಾಯಿ ಒಂದೊಂದೇ ಚೀಲ ಮೂಸಿತು. ಒಂದು ಚೀಲದ ಮುಂದೆ ನಿಂತು ಗುರ್ರೆಂದಿತು. ಪೊಲೀಸರೆಲ್ಲ ಹಿಂದೆ ಸರಿದರು. ನಾಯಿ ಚೀಲದೊಳಗೆ ಮೂತಿ ತೂರಿಸಿ, ಒಣಮೀನಿನ ಪೊಟ್ಟಣ ಎಳೆದುಕೊಂಡು, ಅಲ್ಲೇ ಕುಳಿತು ತಿನ್ನತೊಡಗಿತು.

"ನನ್ನ ಮೀನು! ಸಂತೆಯಿಂದ ತಂದು ಚೀಲದಲ್ಲೇ ಮರೆತಿದ್ದು!" ಎಂದು ಹಗ್ಗದಾಚೆ ಮುನಿರತ್ನಮ್ಮ ಬಾಯಿ ಬಡಿದುಕೊಂಡಳು.

ಆ ದಿನ ಊರಿಗೆ ರೇಷನ್ ಇಲ್ಲ. ಮುನಿರತ್ನಮ್ಮನ ಮೀನು ಹೋಯಿತಲ್ಲ ಎಂದು ಅಕ್ಕಯ್ಯಮ್ಮನಿಗೆ ಒಳಗೊಳಗೇ ಒಂದು ತಂಪು. ಆದರೆ ಇನ್ಸ್‌ಪೆಕ್ಟರು ಮಗನತ್ತ ಬೆರಳು ತೋರಿಸಿ, "ಇವನ ಮೇಲೆ ಒಂದು ಕಣ್ಣಿಡ್ರಯ್ಯ" ಎಂದದ್ದು ಕೇಳಿ ಆ ತಂಪೂ ಇಂಗಿಹೋಯಿತು. ಪಾಸಿಗೆ ಹೂಂ ಅನ್ನಬೇಕಾದವರು ಅವರೇ ಅಲ್ಲವೇ!

"ಲೋ ದಡ್ಡಾ! ಬಾಯಿ ಬಿಡೋಕೆ ಮುಂಚೆ ಕೇಳೋದಲ್ವೇನ್ಲಾ? ಇದು ಯಾರ್ದು, ಒಳಗೇನೈತೆ ಅಂತ ಕೇಳ್ಬೇಕು. ಬಿಚ್ಚಿ ನೋಡ್ಬೇಕು. ಏರ್‌ಪೋರ್ಟಿನ ಬಾಗಿಲಲ್ಲಿ ಹಂಗೇ ಅಂತೆ. ಬೆಲ್ಟು ಗಿಲ್ಟು ಎಲ್ಲ ಬಿಚ್ಚಿಸಿ, ಮೈ ತಡವಿ, ಆಮೇಲೇ ಒಳಗೆ ಬಿಡ್ತಾರಂತೆ!"

"ಆಗ್ಲಮ್ಮೋ, ಇನ್ಮೇಲೆ ಹಂಗೇ ಮಾಡ್ತೀನಿ."

ಆ ವಾರವೇ ನಂಜೇಶನಿಗೆ ಹೆಣ್ಣು ಗೊತ್ತಾಗುವ ಹಾಗಾಯಿತು. ಏರ್‌ಪೋರ್ಟ್ ಹುಡುಗ ಅಂದರೆ ಕೇಳಬೇಕೆ! ಗಂಡಿನ ಮನೆ ನೋಡಲು ಹೆಣ್ಣಿನ ಕಡೆಯವರು ವ್ಯಾನು ಮಾಡಿಕೊಂಡು ಬಂದರು. ಅಕ್ಕಯ್ಯಮ್ಮ ಮುಖದ ಮೇಲೆ ನಗು ಅಂಟಿಸಿಕೊಂಡು ಓರಗಿತ್ತಿಯ ಮನೆಯಲ್ಲಿ ಪಾಯಸಕ್ಕೆ ಶಾವಿಗೆ ಹುರಿಯುತ್ತಿದ್ದಳು. ಹುರಿದದ್ದು ಶಾವಿಗೆಯೋ ತನ್ನ ಹೊಟ್ಟೆಯೋ ಅವಳಿಗೇ ತಿಳಿಯದು. ಹೊಸಿಲಲ್ಲಿ ಯಾರು ನಿಂತಿದ್ದಾರೆ? ಪಿಳ್ಳಣ್ಣ.

"ನಿಲ್ಲಿ! ಈ ತಟ್ಟೆ ಯಾರ್ದು? ಒಳಗೇನೈತೆ? ಬಿಚ್ಚಿ!"

"ಬಾಳೆಹಣ್ಣು ಕಣಪ್ಪ."

"ಬಿಚ್ಚಿ!"

ಬಾಳೆಹಣ್ಣು ನೋಡಿದ. ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಹೆಣ್ಣಿನ ಅಜ್ಜಿಯ ಎಲೆಅಡಿಕೆ ಚೀಲ ಸುರಿದ. ಸುಣ್ಣದ ಡಬ್ಬಿಯ ಜೊತೆಗೆ ಅಜ್ಜಿಯ ಹಲ್ಲುಸೆಟ್ಟೂ ಉದುರಿತು. ಹೆಣ್ಣಿನ ಸೋದರಮಾವ ಭಾರಿ ಆಸಾಮಿ, ಪಂಚೆಯ ಮೇಲೆ ಅಗಲವಾದ ಬೆಲ್ಟು ಬಿಗಿದುಕೊಂಡಿದ್ದರು.

"ಬೆಲ್ಟು ಬಿಚ್ಚಿ, ಕೈ ಎತ್ತಿ!"

"ಅಯ್ಯಾ, ಅದನ್ನ ಬಿಚ್ಚಿ ಕೈ ಎತ್ತಿದ್ರೆ..."

"ಬಿಚ್ಚಿ ಅಂದ್ನಲ್ಲಾ!"

ಬಿಚ್ಚಿದರು. ಕೈ ಎತ್ತಿದರು. ಪಂಚೆ ಜಾರಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮುನಿರತ್ನಮ್ಮ ಕಂಬ ಹಿಡಿದು ಕುಸಿದಳು. ಸಂಬಂಧ ಮುರಿದೇ ಬಿತ್ತು ಎಂದು ಅಕ್ಕಯ್ಯಮ್ಮನ ಎದೆಯೊಳಗೆ ಓಲಗ ಊದತೊಡಗಿತು.

ಆದರೆ ಸೋದರಮಾವ ಪಂಚೆ ಎತ್ತಿ ಕಟ್ಟಿಕೊಂಡು ಗಹಗಹಿಸಿ ನಕ್ಕುಬಿಟ್ಟರು. "ಭಲೇ! ಏರ್‌ಪೋರ್ಟಿನ ಮನೆ ಅಂದ್ರೆ ಇದು! ಬೀಗರಾದ್ರೂ ಬಿಡೋದಿಲ್ಲ! ನಮ್ಮ ಹುಡುಗಿ ಇಲ್ಲಿ ಭದ್ರವಾಗಿರ್ತಾಳೆ. ಮಾತು ಕೊಟ್ಟೆ!"

ಓಲಗ ನಿಂತಿತು. ತಾಂಬೂಲ ಬದಲಾಯಿತು. ತನ್ನ ಮಗನ ಪೆದ್ದುತನದಿಂದಲೂ ಲಾಭ ರತ್ನಿಗೇ! ಆ ಪಾಯಸವನ್ನು ಅಕ್ಕಯ್ಯಮ್ಮ ಹೇಗೆ ಕುಡಿದಳೋ ದೇವರೇ ಬಲ್ಲ. ಮನೆಗೆ ಬಂದವಳೇ ಮಗನ ಮೇಲೆ ಹರಿಹಾಯ್ದಳು.

"ಕಂಡೋರ ಚೀಲದ ಉಸಾಬರಿ ನಿಂಗ್ಯಾಕ್ಲಾ! ಇನ್ಮೇಲೆ ನಿನ್ನ ಬುದ್ಧಿ ಓಡಿಸ್ಬೇಡ, ನನ್ನ ಬುದ್ಧಿನೂ ಓಡಿಸ್ಬೇಡ. ಆ ಇನ್ಸ್‌ಪೆಕ್ಟ್ರು ಏನ್ ಹೇಳ್ತಾರೋ ಹಂಗೆ ಮಾಡು. ಅವರು ನಿನ್ನ ಒಳ್ಳೇವ್ನು ಅನ್ಬೇಕು. ತಿಳೀತಾ?"

"ಆಗ್ಲಮ್ಮೋ, ಇನ್ಮೇಲೆ ಹಂಗೇ ಮಾಡ್ತೀನಿ."

ಇನ್ಸ್‌ಪೆಕ್ಟರು ಮರುದಿನವೇ ಹಾಲಿನ ಡೈರಿಯ ಮುಂದೆ ಊರವರನ್ನೆಲ್ಲ ಸೇರಿಸಿದರು.

"ನೋಡ್ರಪ್ಪಾ, ಎಲ್ಲರೂ ಕೇಳಿಸ್ಕೊಳ್ಳಿ. ಏರ್‌ಪೋರ್ಟಿಗೆ ಬಾಂಬ್ ಇಟ್ಟಿದೀನಿ, ಬೆಂಕಿ ಇಡ್ತೀನಿ ಅಂತ ತಮಾಷೆಗೆ ಫೋನ್ ಮಾಡೋರು ಹೆಚ್ಚಾಗವ್ರೆ. ಮೊದಲೆಲ್ಲ ಎರಡು ಬೈದು ಬಿಡ್ತಿದ್ವಿ. ಈಗ ಹಂಗಿಲ್ಲ. ಕಾನೂನು ಬದಲಾಗಿದೆ. ವರ್ಷಗಟ್ಟಲೆ ಜೈಲು. ವಿಮಾನ ನಿಂತು ಆದ ನಷ್ಟವನ್ನೂ ಅವರೇ ಕಟ್ಟಬೇಕು. ತಮಾಷೆಗೆ ಅಂದೆ, ಕೋಪಕ್ಕೆ ಅಂದೆ ಅನ್ನೋದೆಲ್ಲ ನಡೆಯೋದಿಲ್ಲ. ಅಂಥ ಮಾತು ಯಾರ ಬಾಯಲ್ಲಿ ಕೇಳಿದ್ರೂ ತಕ್ಷಣ ನನಗೆ ಫೋನ್ ಮಾಡಿ. ಹೆತ್ತ ತಾಯಿ ಆದ್ರೂ ಸರಿ!"

ಎಲ್ಲರೂ ತಲೆಯಾಡಿಸಿದರು. ಪಿಳ್ಳಣ್ಣ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ. ಇನ್ಸ್‌ಪೆಕ್ಟರು ಅವನ ಬೆನ್ನು ತಟ್ಟಿದರು. ಅಕ್ಕಯ್ಯಮ್ಮನಿಗೆ ಯೂನಿಫಾರ್ಮಿನ ಒಂದು ತೋಳು ಆಗಲೇ ಗೋಡೆಯ ಮೇಲೆ ಕಂಡಂತಾಯಿತು.

ಇತ್ತ ನಂಜೇಶನಿಗೆ ಬಡ್ತಿ ಸಿಕ್ಕಿತು. ಅಮ್ಮನಿಗೆ ಒಂದು ದಿನದ ಪಾಸು ಮಾಡಿಸಿ ಏರ್‌ಪೋರ್ಟಿನ ಒಳಗೆ ಕರೆದುಕೊಂಡು ಹೋಗಿ ತೋರಿಸಿದ. ಮುನಿರತ್ನಮ್ಮ ಹಿಂದಿರುಗಿದವಳು ಕಾಲಿಗೆ ನೀರೂ ಹಾಕಿಕೊಳ್ಳಲಿಲ್ಲ, ನೇರ ಅಕ್ಕಯ್ಯಮ್ಮನ ಅಡುಗೆಮನೆಗೆ ಬಂದಳು.

"ಅಕ್ಕಾ, ನೆಲ ಅಂದ್ರೆ ನೆಲ! ಬಗ್ಗಿ ನೋಡ್ಕೊಂಡು ತಲೆ ಬಾಚ್ಕೊಬೌದು! ಮೆಟ್ಟಿಲು ತಾನೇ ಹೋಗ್ತದೆ ಅಕ್ಕಾ, ನಾವು ಸುಮ್ನೆ ನಿಂತ್ರೆ ಆಯ್ತು. ತಗೋ, ನಿಂಗೇಂತ ತಂದೆ." ಅಂಗೈಗೆ ಒಂದು ಪುಟಾಣಿ ಸಕ್ಕರೆ ಪೊಟ್ಟಣ ಇಟ್ಟಳು. "ಕಾಫಿ ಜೊತೆ ಕೊಟ್ಟಿದ್ದು. ನೀನು ಯಾವಾಗ ನೋಡ್ತೀಯೋ ಪಾಪ."

ಪಾಪ! ಪಾಪ ಅಂದಳು! ಅವಳು ಆಚೆ ಹೋದದ್ದೇ ತಡ, ಅಕ್ಕಯ್ಯಮ್ಮ ಆ ಪೊಟ್ಟಣವನ್ನು ಒಲೆಗೆಸೆದಳು. ಹೊಟ್ಟೆಯೊಳಗೆ ಇಷ್ಟು ದಿನ ಕುದ್ದದ್ದೆಲ್ಲ ಬಾಯಿಗೆ ಬಂತು.

"ಆ ಏರ್‌ಪೋರ್ಟಿಗೆ ಬೆಂಕಿ ಬೀಳಾ! ಅದರ ನೆಲ ಸಿಡಿದು ಹೋಗಾ! ನಾಳೆ ಹೊತ್ತು ಹುಟ್ಟೋದ್ರೊಳಗೆ ಬೂದಿಯಾಗಿ ಹೋಗಾ!"

ಪಿಳ್ಳಣ್ಣ ಬಾಗಿಲಲ್ಲಿ ಕುಳಿತು ಈರುಳ್ಳಿ ಸುಲಿಯುತ್ತಿದ್ದ. ಈರುಳ್ಳಿ ಕೆಳಗಿಟ್ಟ. ಕೈ ಒರೆಸಿಕೊಂಡ. ಫೋನ್ ತೆಗೆದ.

"ಸಾರ್, ನಾನು ಪಿಳ್ಳಣ್ಣ. ಏರ್‌ಪೋರ್ಟಿಗೆ ಬೆಂಕಿ ಬೀಳ್ತದೆ. ನೆಲ ಸಿಡೀತದೆ. ನಾಳೆ ಹೊತ್ತು ಹುಟ್ಟೋದ್ರೊಳಗೆ ಬೂದಿ."

"ಯಾರೋ ಹೇಳಿದ್ದು?"

"ಹೆತ್ತ ತಾಯಿ, ಸಾರ್."

ಅತ್ತ ಏರ್‌ಪೋರ್ಟಿನಲ್ಲಿ ಗಂಟೆ ಹೊಡೆಯಿತು, ಜನರನ್ನು ಹೊರಗೆ ಕಳಿಸಿದರು, ಮೀನು ತಿಂದ ನಾಯಿಯೇ ಹೋಗಿ ನೆಲ ಮೂಸಿತು. ಇತ್ತ ಅಕ್ಕಯ್ಯಮ್ಮನ ಬಾಗಿಲಿಗೆ ಜೀಪು ಬಂತು. ಊರಿಗೆ ಊರೇ ನೆರೆಯಿತು.

"ಏನಮ್ಮಾ, ಹೇಳಿದ್ದು ನೀನೇನಾ?" ಇನ್ಸ್‌ಪೆಕ್ಟರು ಗುಡುಗಿದರು.

ಅಕ್ಕಯ್ಯಮ್ಮ ಕೈಮುಗಿದಳು. "ನಾನೇ ಸ್ವಾಮಿ. ಆದ್ರೆ ಅದು... ಬಾಯಿ ಮಾತು ಸ್ವಾಮಿ. ಹೆಂಗಸ್ರು ಅಂತೀವಿ..."

"ಕೋಪಕ್ಕೆ ಅಂದೆ ಅನ್ನೋದು ನಡೆಯೋದಿಲ್ಲ ಅಂತ ಡೈರಿ ಮುಂದೆ ನಿಂತು ಹೇಳಿದ್ನೋ ಇಲ್ವೋ? ವರ್ಷಗಟ್ಟಲೆ ಒಳಗಿರ್ತೀಯಾ! ಜೀಪು ಹತ್ತು!"

ಜೈಲು! ಯೂನಿಫಾರ್ಮು ಮಗನ ಮೈಮೇಲೆ ಬರುವ ಬದಲು ತನ್ನ ಮೈಮೇಲೆ, ಅದೂ ಜೈಲಿನದು! ತಾನು ಹೋದರೆ ಈ ಮಂಕನಿಗೆ ಮುದ್ದೆ ತೊಳಸಿ ಕೊಡುವವರು ಯಾರು? "ಕಾಯ್ತಿರು" ಎಂದು ಹೇಳಿ ಹೋದರೆ ಬಾಗಿಲಲ್ಲೇ ಕುಳಿತು ವರ್ಷಗಟ್ಟಲೆ ಕಾಯುತ್ತಾನೆ, ಉಣ್ಣು ಎಂದು ಹೇಳಲಿಲ್ಲವೆಂದು ಉಪವಾಸ ಬೀಳುತ್ತಾನೆ. ಅಕ್ಕಯ್ಯಮ್ಮ ಜೀಪು ಹತ್ತಿ, ಅದರ ಕಂಬಿ ಹಿಡಿದು ಅತ್ತಳು.

ಆಗ ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಬಂದವಳು ಮುನಿರತ್ನಮ್ಮ.

"ಸ್ವಾಮಿ, ನಿಲ್ಲಿಸಿ! ಇವಳ ಶಾಪಕ್ಕೆ ಜೀಪು ತಂದಿದೀರಾ? ನಾನು ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ಇವಳು ನನ್ನ ಒಲೆಗೆ ಬೆಂಕಿ ಬೀಳ್ಲಿ ಅಂತಾಳೆ, ಮುದ್ದೆ ಚೆನ್ನಾಗಿ ಬೇಯ್ತದೆ! ನನ್ನ ಸೂರಿಗೆ ಸಿಡ್ಲು ಹೊಡೀಲಿ ಅಂತಾಳೆ, ಒಂದು ಹೆಂಚು ಅಲ್ಲಾಡಿಲ್ಲ! ಗೋಡೆಯಾಚೆ ಎಲ್ಲ ಕೇಳಿಸ್ತದೆ ಸ್ವಾಮಿ. ಇವಳ ಮಾತು ನಡೆಯೋದಾಗಿದ್ರೆ ನಾನಿವತ್ತು ಬೂದಿಯಾಗಿ ತಿಪ್ಪೇಲಿ ಬಿದ್ದಿರ್ಬೇಕಿತ್ತು!"

ಊರೆಲ್ಲ ನಕ್ಕಿತು. ಇನ್ಸ್‌ಪೆಕ್ಟರು ನಗು ಕಾಣದಿರಲೆಂದು ಮೀಸೆಯ ಮೇಲೆ ಕೈಯಿಟ್ಟುಕೊಂಡರು. "ಯಾಕಮ್ಮಾ ಹಂಗೆ ಶಪಿಸ್ತಾಳೆ?"

"ಹೊಟ್ಟೆಕಿಚ್ಚು ಸ್ವಾಮಿ. ಈ ಊರಲ್ಲಿ ನನ್ನ ಕಂಡು ಹೊಟ್ಟೆ ಉರ್ಕೊಳ್ಳೋಳು ಇವಳೊಬ್ಳೇ. ಇವಳನ್ನ ನೀವು ಕರ್ಕೊಂಡು ಹೋದ್ರೆ ನನ್ನ ಮಗನ ಯೂನಿಫಾರ್ಮ್ ನಾನು ಯಾರಿಗೆ ತೋರ್ಸೋಕೆ ಒಣಗಾಕ್ಲಿ?"

ಇನ್ಸ್‌ಪೆಕ್ಟರು ಅಕ್ಕಯ್ಯಮ್ಮನನ್ನು ಜೀಪಿನಿಂದ ಇಳಿಸಿದರು. "ಈ ಸಲ ಬಿಟ್ಟಿದೀನಿ. ಇನ್ನೊಂದು ಸಲ ಈ ಮನೆಯಿಂದ ಅಂಥ ಮಾತು ಹೊರಟರೆ ನಾನೂ ಉಳಿಸೋಕಾಗಲ್ಲ, ಈ ಅಮ್ಮನೂ ಉಳಿಸೋಕಾಗಲ್ಲ" ಎಂದು ಹೇಳಿ ಹೋದರು.

ಅಕ್ಕಯ್ಯಮ್ಮ ಓರಗಿತ್ತಿಯ ಮುಖ ನೋಡಲಾರದೆ ಒಳಗೆ ಹೋದಳು. ಜೈಲು ತಪ್ಪಿತು ನಿಜ, ತಪ್ಪಿಸಿದವಳು ರತ್ನಿಯಾದಳಲ್ಲ! ಒಳ್ಳೆಯವಳು ಅನ್ನಿಸಿಕೊಳ್ಳುವುದರಲ್ಲೂ ಅವಳೇ ಮುಂದೆ! ರಾತ್ರಿಯೆಲ್ಲ ಆ ಉರಿಯಲ್ಲೇ ಹೊರಳಾಡಿದಳು. ಬೆಳಗ್ಗೆ ಎದ್ದವಳು ಮಗನನ್ನು ಎದುರು ಕೂರಿಸಿಕೊಂಡಳು. ಬೈಯಲು ಕೂಡ ಅವಳಿಗೆ ತ್ರಾಣವಿರಲಿಲ್ಲ.

"ಕೇಳ್ಲಾ ಮಗನೇ. ನಿನ್ನೆ ಏನೋ ಆಗೋಯ್ತು. ನಮ್ಮ ದೆಸೆಯಿಂದ ಅಷ್ಟೊಂದು ಜನ ಹೆದ್ರಿದ್ರು. ಇನ್ಮೇಲೆ ಕೆಟ್ಟ ಮಾತು ಬೇಡ. ಬಾಯ್ತುಂಬ ಒಳ್ಳೇ ಮಾತಾಡು. ಹೋಗಿ ಸೂಪರ್‌ವೈಸರ್ ಕಾಲಿಗೆ ಬಿದ್ದು ಕೆಲಸ ಕೇಳು. ದಾರೀಲಿ ಯಾರಾದ್ರೂ ಸಿಕ್ರೆ, ಹೆದರ್ಬೇಡಿ, ಇವತ್ತು ಏನೂ ಆಗಲ್ಲ ಅಂತ ಧೈರ್ಯ ಹೇಳು."

"ಆಗ್ಲಮ್ಮೋ, ಹಂಗೇ ಮಾಡ್ತೀನಿ."

ಹೋದ. ಏರ್‌ಪೋರ್ಟಿನ ದೊಡ್ಡ ಬಾಗಿಲಲ್ಲಿ ಜನ ಪೆಟ್ಟಿಗೆ ಎಳೆದುಕೊಂಡು, ಮಕ್ಕಳನ್ನು ಎತ್ತಿಕೊಂಡು, ನಗುನಗುತ್ತ ಒಳಗೆ ಹೋಗುತ್ತಿದ್ದರು. ಯಾರಿಗೂ ಯಾವ ಹೆದರಿಕೆಯೂ ಇರಲಿಲ್ಲ. ಪಿಳ್ಳಣ್ಣ ಬಾಗಿಲ ನಡುವೆ ನಿಂತು, ಎರಡು ಕೈಯೂ ಎತ್ತಿ, ಬಾಯ್ತುಂಬ ಕೂಗಿದ.

"ಹೆದರ್ಬೇಡಿ! ಯಾರೂ ಹೆದರ್ಬೇಡಿ! ಇವತ್ತು ಬೆಂಕಿ ಬೀಳಲ್ಲ! ಇವತ್ತು ಏನೂ ಸಿಡಿಯಲ್ಲ!"

ಪೆಟ್ಟಿಗೆಗಳು ನಿಂತವು. ನಗು ನಿಂತಿತು.

"ಏನಂದೆ? ಇವತ್ತು ಸಿಡಿಯಲ್ವಾ?" ಎಂದು ಒಬ್ಬ ಹೆಂಗಸು ಮಗುವನ್ನು ಅವಚಿಕೊಂಡು ಕೇಳಿದಳು.

"ಇಲ್ಲಮ್ಮಾ, ಇವತ್ತು ಇಲ್ಲ."

"ಹಾಗಾದ್ರೆ ನಾಳೆ?"

ಪಿಳ್ಳಣ್ಣ ಯೋಚಿಸಿದ. ಸುಳ್ಳು ಅವನಿಗೆ ಬಾರದು.

"ನಾಳೇದು ಗೊತ್ತಿಲ್ಲಮ್ಮಾ. ಅದು ನಮ್ಮಮ್ಮಂಗೆ ಗೊತ್ತು."

ಅಕ್ಕಯ್ಯಮ್ಮ ಹೊಸಿಲಲ್ಲಿ ಕುಳಿತು ಮಗನ ದಾರಿ ಕಾಯುತ್ತಿದ್ದಳು. ಬೀದಿಯ ತಿರುವಿನಲ್ಲಿ ಧೂಳೆದ್ದಿತು. ಒಂದು ಜೀಪಲ್ಲ, ಸಾಲು ಜೀಪು! ಮುಂದಿನ ಜೀಪಿನಲ್ಲಿ ಇನ್ಸ್‌ಪೆಕ್ಟರು ಹಣೆ ಚಚ್ಚಿಕೊಳ್ಳುತ್ತ ಕುಳಿತಿದ್ದರು. ಅವರ ಪಕ್ಕದಲ್ಲಿ ಪಿಳ್ಳಣ್ಣ, ಕುತ್ತಿಗೆ ಚಾಚಿ, ಹಲ್ಲು ಬಿಟ್ಟುಕೊಂಡು, ಊರೆಲ್ಲ ಕೇಳುವಂತೆ ಕೂಗುತ್ತಿದ್ದ.

"ಅಮ್ಮೋ! ಎಲ್ರಿಗೂ ಧೈರ್ಯ ಹೇಳ್ದೆ ಕಣಮ್ಮೋ! ಈಗ ಇವರೆಲ್ಲ ನಾಳೇದು ಏನು ಅಂತ ಕೇಳೋಕೆ ಬಂದವ್ರೆ! ಬೇಗ ಹೇಳಮ್ಮೋ!"

ಅಕ್ಕಯ್ಯಮ್ಮ ಎದ್ದಳು. ಜೀಪುಗಳತ್ತ ನೋಡಿದಳು. ಮಗನತ್ತ ನೋಡಿದಳು. ಆಮೇಲೆ ಗೋಡೆಯ ಬಳಿಗೆ ಓಡಿ, ಜನ್ಮದಲ್ಲಿ ಎಂದೂ ಕರೆಯದಷ್ಟು ಅಕ್ಕರೆಯಿಂದ ಕೂಗಿದಳು:

"ರತ್ನೀ! ನನ್ನ ತಾಯೀ! ನನ್ನ ಮಾತು ನಡೆಯಲ್ಲಾಂತ ಇನ್ನೊಂದೇ ಒಂದು ಸಲ ಬಂದು ಹೇಳಿ ಹೋಗೇ!"